ರುದ್ರವ್ವನ ನಂತರ ಶರಣು ಯಾರಿಗೆ

ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದಾಗ ರುದ್ರವ್ವ ತನಗಾಗಿ ಅಳಲಿಲ್ಲ. ಪಕ್ಕದಲ್ಲಿ ಕೂತು ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಮಗನನ್ನು ನೋಡಿದಳು. ಶರಣುವಿಗೆ ಮೂವತ್ತು ದಾಟಿತ್ತು. ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನದು. ಸ್ನಾನ, ಊಟ, ಗಡ್ಡ ಹೆರೆಯುವುದು, ಎಲ್ಲಕ್ಕೂ ಅವ್ವನೇ ಬೇಕು.

ವಿಜಯಪುರದ ಕಡೆಯಿಂದ ಮದುವೆಯಾಗಿ ವಿಕ್ರೋಳಿಯ ಚಾಳಿನ ಒಂದೇ ಖೋಲಿಯ ಮನೆಗೆ ಬಂದವಳು ಅವಳು. ಕಾರ್ಖಾನೆಯಲ್ಲಿದ್ದ ಗಂಡ ಬಂಡೆಪ್ಪ ತೀರಿಕೊಂಡ ಮೇಲೆ ಅವನ ಪೆನ್ಶನ್ನಿನಲ್ಲಿ ಇಬ್ಬರ ಹೊಟ್ಟೆ ನಡೆಯುತ್ತಿತ್ತು. ಅವಳ ನಂತರ ಆ ಪೆನ್ಶನ್ ಅಂಗವಿಕಲ ಮಗನಿಗೆ ಸಲ್ಲಬೇಕು. ಆದರೆ ತನ್ನ ವ್ಯವಹಾರ ತಾನು ನೋಡಿಕೊಳ್ಳಲಾರದ, ವಯಸ್ಸಿಗೆ ಬಂದ ಮಗನ ಪರವಾಗಿ ನಿಲ್ಲಲು ಕಲೆಕ್ಟರ್ ಕಚೇರಿಯ ಸಮಿತಿ ಒಬ್ಬ ಪಾಲಕರನ್ನು ನೇಮಿಸಬೇಕಿತ್ತು. ನಿಮ್ಮ ಹೆಸರಿಗಿಂತ ನಿಮ್ಮ ನಂತರವೂ ಇರುವವರ ಹೆಸರು ಕೊಡಿ ಎಂದು ಕಾರಕೂನ ಮೆತ್ತಗೆ ಹೇಳಿದ್ದ.

ಇದ್ದವರು ಇಬ್ಬರೇ. ಮಲಾಡಿನಲ್ಲಿರುವ ಮಗಳು ಸ್ನೇಹಲ್. ಆದರೆ ಆಕೆಯ ಗಂಡ, “ಆ ಭಾರ ನಮ್ಮ ಮನೆ ಬಾಗಿಲಿಗೆ ಬರಬಾರದು” ಎಂದು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ. ಮಗಳ ಸಂಸಾರ ಕೆಡಿಸಲು ಮನಸ್ಸಾಗದೆ ರುದ್ರವ್ವ ಶರಣುವಿನ ಕೈ ಹಿಡಿದು ಮುಲುಂಡಿಗೆ, ಮೈದುನ ಶೆಟ್ಟೆಪ್ಪನ ಹತ್ತಿರ ಹೋದಳು.

“ಖೋಲಿ ನನ್ನ ಹೆಸರಿಗೆ ಮಾಡ್ರಿ ವೈನಿ, ಸಹಿ ಹಾಕ್ತೀನಿ” ಎಂದ ಅವನು.

“ಖೋಲಿ ಹೋದ್ರ ಇವ ಎಲ್ಲಿ ಮಲಗಬೇಕೋ?”

“ಆಶ್ರಮ ಅದಾವಲ್ಲ. ದಿಕ್ಕಿಲ್ಲದವರನ್ನ ಸರ್ಕಾರನ ಒಯ್ತದ.”

ನೀರೂ ಕುಡಿಯದೆ ಎದ್ದುಬಂದಳು. ಮುಲುಂಡ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುವಾಗ ಆ ಮಾತು ಅವಳ ತಲೆಯನ್ನು ಹೊಕ್ಕು ಕೊರೆಯತೊಡಗಿತು. ಹಿಂದೊಮ್ಮೆ ಅವಳು ವಿಚಾರಿಸಿದಾಗ, ತಾಯಿ ಇರುವವನಿಗೆ ಆಶ್ರಮದವರು ಹತ್ತು ಕಾಗದ ಕೇಳಿದ್ದರು. ತಾಯಿಯೇ ಇಲ್ಲದವನಿಗೆ?

ಶರಣುವನ್ನು ಬೆಂಚಿನ ಮೇಲೆ ಕೂರಿಸಿ, ಕೈಗೆ ಬಿಸ್ಕಿಟ್ ಪೊಟ್ಟಣ ಕೊಟ್ಟಳು. “ಇಲ್ಲೇ ಕುಂದ್ರಪ್ಪಾ. ಬಂದೆ.”

ಮೆಟ್ಟಿಲ ಹಿಂದೆ ಮರೆಯಾಗಿ ನಿಂತಳು. ಗಾಡಿ ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಶರಣು ಪೊಟ್ಟಣ ಬಿಚ್ಚಲೇ ಇಲ್ಲ, ಅವ್ವ ಬಿಚ್ಚಿಕೊಡಬೇಕಲ್ಲ. ಬಿಸಿಲು ಬೆಂಚಿಗೆ ಬಂದರೂ ಅವನು ಸರಿದು ಕೂರಲಿಲ್ಲ. ಅವಳು ಇಲ್ಲೇ ಎಂದಿದ್ದಳು. ಕೊನೆಗೆ ಅವನ ಪ್ಯಾಂಟು ಒದ್ದೆಯಾಯಿತು. ಕಾಲೇಜು ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಸರಿದರು. ಒಬ್ಬ ಮಹಿಳಾ ಪೊಲೀಸ್ ಬಂದು ಭುಜ ತಟ್ಟಿದಾಗ ಶರಣು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

ರುದ್ರವ್ವ ಎದ್ದುಬಿದ್ದು ಓಡಿಬಂದಳು. “ನನ್ನಂವ! ನನ್ನ ಮಗ ಅವ!”

ಅವಳು ಮರೆಯಿಂದ ಓಡಿಬಂದದ್ದನ್ನು ಕಂಡ ಪೊಲೀಸಮ್ಮ ಮೊದಲು ಗದರಿದಳು, ಆಮೇಲೆ ಚೌಕಿಗೆ ಕರೆದೊಯ್ದು ನೀರು ತರಿಸಿದಳು, ಮನೆಯವರ ನಂಬರ್ ಕೇಳಿದಳು. ರುದ್ರವ್ವನ ಬಾಯಿಗೆ ಬಂದದ್ದು ಸ್ನೇಹಲ್‌ಳ ನಂಬರೇ.

ಆಫೀಸಿನಿಂದ ನೇರ ಬಂದ ಸ್ನೇಹಲ್ ಪೊಲೀಸ್ ಚೌಕಿಯ ಬಾಗಿಲಲ್ಲೇ ನಿಂತಳು. “ಅವ್ವಾ, ಇಸಕೋ ಛೋಡ್ ದಿಯಾ? ಇವನ್ನ ಬಿಟ್ಟಿ? ನೀ?”

“ಮತ್ತೇನ್ ಮಾಡ್ಲೇ ಮಗಳ? ನಾ ಸತ್ತ ಮ್ಯಾಲ ಇವ ಹಿಂಗ ಕುಂತಿರ್ತಾನ, ಯಾರೂ ಬರಂಗಿಲ್ಲ.”

ಮಗಳು ಒಳಗೆ ಬಂದು ತಮ್ಮನ ಪಕ್ಕ ಕೂತಳು. “ಸಹಿ ನಾ ಮಾಡ್ತೇನು,” ಎಂದಳು ತಡವರಿಸುತ್ತ. “ಆದ್ರ ಮನೀಗೆ... ಘರ್ ಮೇ ಅವನ್ನ ಇಡಾಕ ಆಗೂದಿಲ್ಲ ಅವ್ವಾ. ಝೂಟ್ ನಹೀ ಬೋಲೂಂಗಿ, ಸುಳ್ಳ ಹೇಳೂದಿಲ್ಲ ನಾ.”

ಮಳೆಗಾಲ ಮುಗಿಯುವ ಹೊತ್ತಿಗೆ ಸಮಿತಿ ಸ್ನೇಹಲ್‌ಳನ್ನು ಪಾಲಕಳೆಂದು ನೇಮಿಸಿತು. ಪೆನ್ಶನ್ನಿಗೂ ಖೋಲಿಗೂ ಕಾವಲು ಸಿಕ್ಕಿತು. ಸ್ನೇಹಲ್‌ಳ ಗಂಡ ಅವಳೊಡನೆ ಮಾತು ಬಿಟ್ಟ. ಶರಣು ಎಲ್ಲಿರಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಒಂದು ಆಶ್ರಮದವರು ಜಾಗ ಖಾಲಿಯಾದರೆ ಹೇಳುತ್ತೇವೆ ಎಂದಿದ್ದಾರೆ.

ಡಯಾಲಿಸಿಸ್ಸಿನಿಂದ ಬಂದ ದಿನ ರುದ್ರವ್ವನಿಗೆ ತಲೆ ಎತ್ತಲಾಗುವುದಿಲ್ಲ. ಭಾನುವಾರ ಸ್ನೇಹಲ್ ಬಂದು ತಮ್ಮನಿಗೆ ಉಣ್ಣಿಸಲು ಕೂರುತ್ತಾಳೆ. ಅವನು ಬಾಯಿ ಬಿಗಿಹಿಡಿದು ಅವ್ವನತ್ತ ಹೊರಳುತ್ತಾನೆ. ರುದ್ರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಹೇಳುತ್ತಾಳೆ: “ನನ್ನ ಕಡೆ ನೋಡಗೊಡಬ್ಯಾಡ. ಇನ್ನೊಂದು ತುತ್ತು ಹಿಡಿ ಅವಂಗ.”