ಕೂಲಿಯವನ ಮಗ ಕಪ್ತಾನನಾದ ಪಾಠ

ಸಮುದ್ರವನ್ನೇ ನೋಡದವನು ಸಮುದ್ರದ ಪಾಠ ಮಾಡಿ ಹೆಸರು ಗಳಿಸಬಹುದು ಎಂಬುದಕ್ಕೆ ನಾನೇ ಸಾಕ್ಷಿ. ನಲವತ್ತರ ದಶಕದಲ್ಲಿ, ಗುಮ್ಮಳಾಪುರದ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಮೇಷ್ಟ್ರು. ವಿದ್ಯೆ ನೋಡಿ ಯಾರೂ ಕೊಟ್ಟ ಕೆಲಸವಲ್ಲ ಅದು. ಅಪ್ಪ ಊರಿಗೆ ಗೌಡ, ಶಾಲೆ ನಡೆಯುತ್ತಿದ್ದದ್ದು ನಮ್ಮ ಮನೆಯ ಹೊರಜಗಲಿಯಲ್ಲಿ, ಅಷ್ಟೇ ನನ್ನ ಯೋಗ್ಯತೆ.

ಎಂಟನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಹಾಯಿಹಡಗುಗಳ ಕಾಲದ ಒಬ್ಬ ನೌಕಾಧಿಕಾರಿಯ ಕಥೆಯಿತ್ತು. ಹೊಲದ ಕೂಲಿಯವನ ಮಗ. ಕಲ್ಲಿದ್ದಲು ಸಾಗಿಸುವ ಹಡಗಿನಲ್ಲಿ ದುಡಿದು, ಬಿಡುವಿನಲ್ಲಿ ಗಣಿತ ಕಲಿತು, ರಾಜನ ನೌಕಾಪಡೆಗೆ ಮಾಮೂಲಿ ನಾವಿಕನಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಕಪ್ತಾನನಾದವನು. ಈ ಪಾಠಕ್ಕೆ ನನ್ನ ವೇಷ ನೋಡಬೇಕಿತ್ತು. ಎತ್ತಿನ ಹಗ್ಗವನ್ನು ಕಂಬದಿಂದ ಕಂಬಕ್ಕೆ ಬಿಗಿದು, ಅಪ್ಪನ ಪಂಚೆಯನ್ನು ಹಾಯಿ ಎಂದು ತೂಗುಹಾಕಿ, "ಸಮುದ್ರ ಅಂದ್ರೆ ನಮ್ಮ ಕೆರೆ ಕೋಡಿ ಬಿದ್ದಂಗೆ ಕಣ್ರೋ" ಎಂದು ಕೂಗುತ್ತಿದ್ದೆ. ಕೊನೆಯಲ್ಲಿ, ಹುಟ್ಟು ದೊಡ್ಡದಲ್ಲ, ಶ್ರಮ ದೊಡ್ಡದು ಎನ್ನುವಾಗ ಗಂಟಲು ಕಟ್ಟುತ್ತಿತ್ತು. ಆ ಗದ್ಗದವನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯೂ ಆಗುವುದಿಲ್ಲ.

ಆ ಪಾಠವನ್ನು ನಿಜವಾಗಿ ನಂಬಿದವನು ಒಬ್ಬನೇ, ನಮ್ಮ ಮನೆಯ ಜೀತದಾಳಿನ ಮಗ. ಅಪ್ಪ ಅವನನ್ನು ಶಾಲೆಗೆ ಬಿಟ್ಟದ್ದೂ ಹಾಜರಿ ಪಟ್ಟಿ ತುಂಬಲಿ ಎಂದೇ. ಪುಸ್ತಕದಲ್ಲಿದ್ದ ಹಡಗಿನ ಚಿತ್ರವನ್ನು ನೋಡದೆ ನೆಲದ ಮೇಲೆ ಬರೆಯುತ್ತಿದ್ದ. ಒಂದು ದಿನ ಎಲ್ಲರೂ ಹೋಗುವ ತನಕ ಕಾದು ಕೇಳಿದ.

"ಸಾರ್, ನಾನೂ ಹೊಸೂರು ಹೈಸ್ಕೂಲಿಗೆ ಓಗ್ಬೇಕು. ದೊಡ್ಡಗೌಡ್ರಿಗೆ ನೀವೊಂದ್ ಮಾತು ಏಳಿ ಸಾರ್."

"ಇನ್ಸ್‌ಪೆಕ್ಷನ್ ಮುಗೀಲಿ, ಹೇಳ್ತೀನಿ" ಎಂದೆ. ಅವನ ಓದು ಮುಂದುವರಿಯುವುದೂ ನಿಲ್ಲುವುದೂ ಆ ಒಂದು ಮಾತಿನ ಮೇಲಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ಸ್‌ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದರು. ಎಳನೀರಾಯಿತು, ಹಾರವಾಯಿತು. ಅಪ್ಪ ರುಮಾಲು ಸುತ್ತಿ ಅವರ ಪಕ್ಕದಲ್ಲೇ ಕುಳಿತ. ನಾನು ನನ್ನ ಹಡಗು ಕಟ್ಟಿದೆ, ಗದ್ಗದವನ್ನೂ ಸರಿಯಾದ ಜಾಗದಲ್ಲಿ ತಂದೆ. ಇನ್ಸ್‌ಪೆಕ್ಟರು ತಲೆದೂಗಿ, ಮುಂದಿನ ಸಾಲಿನಲ್ಲಿ ನಾನೇ ಕೂರಿಸಿದ್ದ ಅವನನ್ನು ಕೇಳಿದರು: "ಕೂಲಿಯವನ ಮಗ ಕಪ್ತಾನ್ ಹೇಗಪ್ಪಾ ಆದ?"

'ಶ್ರಮದಿಂದ ಸಾರ್' ಎಂದು ಹೇಳಬೇಕೆಂದು ಒಂದು ವಾರ ಬಾಯಿಪಾಠ ಮಾಡಿಸಿದ್ದೆ.

ಅವನು ಎದ್ದು ನಿಂತು, "ಅವರಪ್ಪ ಯಾರ ವಲದಾಗೆ ಕೂಲಿ ಮಾಡ್ತಿದ್ನೋ ಆ ಗೌಡ್ರು ಅವನ್ನ ಇಸ್ಕೂಲಿಗೆ ಕಳಿಸಿದ್ರು ಸಾರ್. ಅದಕ್ಕೇ ಆದ" ಎಂದ.

ಆ ವಾಕ್ಯ ಪಾಠದಲ್ಲಿತ್ತು. ಪ್ರತಿ ವರ್ಷವೂ ನಾನು ಅದನ್ನು ಇಂಗ್ಲಿಷಿನಲ್ಲಿ ಸರಸರನೆ ಓದಿ, ಕನ್ನಡದಲ್ಲಿ ಹೇಳದೆ ದಾಟಿಬಿಡುತ್ತಿದ್ದೆ. ಹುಡುಗ ತಾನೇ ಒಂದೊಂದು ಪದ ಹಿಡಿದು ಅರ್ಥ ಮಾಡಿಕೊಂಡಿದ್ದ.

"ಶಭಾಷ್, ರೊಂಬ ಸರಿ!" ಎಂದು ತಮ್ಮ ತಮಿಳು ಬೆರೆಸಿ ಮೆಚ್ಚಿಕೊಂಡರು ಇನ್ಸ್‌ಪೆಕ್ಟರು. ಅವನು ಯಾರ ಮಗ ಎಂದು ಕೇಳಿ ತಿಳಿದು ಅಪ್ಪನ ಕಡೆ ತಿರುಗಿದರು. "ಹಾಗಾದರೆ ಇವನನ್ನು ನೀವೇ ಹೊಸೂರಿಗೆ ಕಳಿಸಿ ಗೌಡ್ರೆ." ಆಮೇಲೆ ನನ್ನನ್ನು ಕೇಳಿದರು: "ಹುಡುಗ ಓದಿನಲ್ಲಿ ಹೇಗೆ?"

ಅಪ್ಪ ನನ್ನನ್ನೇ ನೋಡುತ್ತಿದ್ದ. ಹುಡುಗನೂ ನೋಡುತ್ತಿದ್ದ. ಕಪ್ತಾನನ ಧೈರ್ಯವನ್ನು ಅರ್ಧ ಗಂಟೆ ಹಾಡಿ ಹೊಗಳಿದ್ದ ಈ ಮಹಾಶಯ ತುಟಿ ಒದ್ದೆ ಮಾಡಿಕೊಂಡು ಹೇಳಿದ: "ಅಷ್ಟಕ್ಕಷ್ಟೇ ಸಾರ್."

ಹೇಳೋದು ಶಾಸ್ತ್ರ, ಹಾಕೋದು ಗಾಳ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಇನ್ಸ್‌ಪೆಕ್ಟರು ಆ ವಿಷಯ ಅಲ್ಲಿಗೇ ಬಿಟ್ಟರು. ನನ್ನ ಬೋಧನೆ ಅತ್ಯುತ್ತಮ ಎಂದು ಬರೆದು, ಕೋಳಿಸಾರಿನ ಊಟ ಮಾಡಿ ಹೊರಟರು.

ಉಳಿದ ಸಾರಿಗೆ ಮುದ್ದೆ ಅದ್ದುತ್ತಾ ಅಪ್ಪ ಹೇಳಿದ: "ಹೈದ ಜಾಣ ಕಣ್ಲಾ. ಜಾಣ್ರು ದನ ಕಾದ್ರೆ ಒಂದೂ ತಪ್ಪಿಸ್ಕಣಾಕಿಲ್ಲ." ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಸೋಮವಾರ ಅವನು ನಮ್ಮ ದನಗಳನ್ನು ಅಟ್ಟಿಕೊಂಡು ಶಾಲೆಯ ಮುಂದೆಯೇ ಹೋದ. ನಾನು ಎದ್ದುಹೋಗಿ ಇಂಗ್ಲಿಷ್ ಪುಸ್ತಕ ಚಾಚಿದೆ. "ಮಡಿಕ್ಕೊಳೋ, ಕಾಡಲ್ಲಿ ಕುಂತು ಓದ್ಕೊ" ಎಂದೆ. ಧಾರಾಳ ನೋಡಿ ನನ್ನದು!

ಅವನು ಪುಸ್ತಕವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಬ್ಯಾಡ ಬುಡಿ, ಚಿಕ್ಕಗೌಡ್ರೆ" ಎಂದು ದನದ ಹಿಂದೆ ನಡೆದ.

ಅದುವರೆಗೆ ಅವನು ನನ್ನನ್ನು ಸಾರ್ ಎಂದೇ ಕರೆಯುತ್ತಿದ್ದ.