ಪಟ್ಟೇವಾಲಾ ಅಮೋಘಿ ಹಾಸಿದ ಪಂಕ್ತಿ

ನಮ್ಮ ಕಾಲೇಜಿನ ಗಂಟೆ ಹೊಡೆಯುತ್ತಿದ್ದ ಪಟ್ಟೇವಾಲಾ ಅಮೋಘಿ ಕಾಕಾನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಇದು ಪ್ರಿನ್ಸಿಪಾಲರಿಗೂ ಗೊತ್ತಿತ್ತು. ವರಾಂಡದ ಮೂರನೇ ಕಂಬದ ನೆರಳು ಎಲ್ಲಿಗೆ ಬಂದರೆ ಎಷ್ಟು ಗಂಟೆ ಎಂಬುದು ಅವನಿಗೆ ಬಾಯಿಪಾಠ. ಮೋಡ ಕವಿದ ದಿನ ಮಾತ್ರ ಆಫೀಸಿನ ಕ್ಲಾರ್ಕು ಕಿಟಕಿಯಿಂದ ಕೈ ಬೀಸಬೇಕು. ಕ್ಲಾರ್ಕು ಚಹಾಕ್ಕೆ ಹೋಗಿದ್ದರೆ ಇತಿಹಾಸದ ಒಂದು ತಾಸು ಒಂದೂವರೆ ತಾಸು ನಡೆಯುತ್ತಿತ್ತು. ಇತಿಹಾಸದ ಪ್ರೊಫೆಸರರಿಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಬೇಸರವೆಲ್ಲ ಬೆಂಚಿನ ಮೇಲೆ ಕುಂತವರದು.

ಅವನು ಘೋಣಸಗಿಯ ಆಚೆ, ಕುರಿಗಾರರ ಒಂದು ವಸ್ತಿಯವನು. ಆ ವಸ್ತಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಮಕ್ಕಳು ಆಮೇಲೆ ನನ್ನ ಕೈಯಲ್ಲೇ ಕಲಿತು ಹೋದರು, ಅವರ ಮನಸ್ಸು ನೋಯಿಸಲಾರೆ. ನಲವತ್ತು ವರ್ಷದ ತನಕ ಕುರಿ ಕಾಯ್ದವನು. ಒಂದು ಮಳೆಗಾಲದಲ್ಲಿ ಬೇನೆ ಬಿದ್ದು ಹಿಂಡು ಅರ್ಧವಾಯಿತು. ಉಳಿದದ್ದನ್ನು ತಮ್ಮಂದಿರಿಗೆ ಬಿಟ್ಟು ವಿಜಾಪುರಕ್ಕೆ ಬಂದು ಕಾಲೇಜಿನ ಖಾಕಿ ಅಂಗಿ ತೊಟ್ಟ. ಅಂಗಿ ತೊಟ್ಟನೇ ಹೊರತು ಹೆಗಲ ಮೇಲಿನ ಕರಿಕಂಬಳಿ ಬಿಡಲಿಲ್ಲ. ಮೇ ತಿಂಗಳ ಬಿಸಿಲಲ್ಲೂ ಅದು ಹೆಗಲ ಮೇಲೆಯೇ. ಎಲ್ಲಿ ಕುಂತರೂ ಅದನ್ನು ಹಾಸಿಕೊಂಡೇ ಕೂರುವವನು. ಅವನ ಮಂದಿಗೆ ಕಂಬಳಿ ಎಂದರೆ ದೇವರ ಗದ್ದುಗೆ. ಉಣ್ಣೆಗೆ ಮೈಲಿಗೆ ಎಂಬುದೇ ಇಲ್ಲ, ಯಾರು ಮುಟ್ಟಿದರೂ ಅದು ಶುದ್ಧ ಎಂಬುದು ನಮ್ಮ ಸೀಮೆಯಲ್ಲಿ ಎಲ್ಲ ಜಾತಿಯವರೂ ಒಪ್ಪಿದ ಮಾತು.

ನಾನು ಭಾಗಪ್ಪ, ಹೊನವಾಡದವನು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದೆ. ಅಪ್ಪ ಇಲ್ಲ. ಅವ್ವ ಸೋನಾಬಾಯಿ ಮಂದಿ ಹೊಲದಲ್ಲಿ ಕಳೆ ಕಿತ್ತು, ಸಜ್ಜೆ ಕೊಯ್ದು ನನ್ನನ್ನು ಓದಿಸಿದಳು. ಐವತ್ತೇಳರ ಜೂನ್‌ನಲ್ಲಿ ಕಾಲೇಜಿಗೆ ಸೇರಿ ಬೋರ್ಡಿಂಗಿನಲ್ಲಿ ಉಳಿದೆ. ಅಲ್ಲಿ ಊಟಕ್ಕೆ ಕುಂತಾಗ ಆಚೆ ಸರಿ ಎಂದು ಯಾರೂ ನನಗೆ ಹೇಳಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಕುಂತ ಮೇಲೆ ನನ್ನ ಪಕ್ಕದಲ್ಲಿ ಜಾಗ ಉಳಿಯುತ್ತಿತ್ತು, ಅಷ್ಟೆ. ಮೂರು ತಿಂಗಳು ಆ ಖಾಲಿ ಜಾಗದ ಜೊತೆಗೆ ಊಟ ಮಾಡಿದೆ. ಸಿಟ್ಟು ನನಗೆ ಹುಟ್ಟಾ ಇತ್ತು, ಅಲ್ಲಿ ಅದು ಚೆನ್ನಾಗಿ ಮೇಯ್ದು ಬೆಳೆಯಿತು.

ಆ ವರ್ಷ ದಸರೆ ಮುಗಿದ ನಾಲ್ಕನೇ ದಿನ ಈದ್ ಮಿಲಾದ್ ಬಂದಿತ್ತು. ದಸರೆಯೇ ನಮ್ಮ ಕೇರಿಗೂ ಹೊಸ ಹಬ್ಬ. ಹಿಂದಿನ ವರ್ಷ ದಸರೆಯ ದಿನವೇ ಸೋದರಮಾವ ಸಾಬಣ್ಣ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದ, ಅವನ ಹಿಂದೆ ನಾವೆಲ್ಲ ಆದೆವು. ಈ ಮೂರನ್ನೂ ಕೂಡಿಸಿ ಶನಿವಾರ ಕಾಲೇಜಿನಲ್ಲಿ ಒಂದು ಕೂಡೂಟ ಮಾಡೋಣ ಎಂದು ಪ್ರಿನ್ಸಿಪಾಲರು ಮಾತು ತೆಗೆದರು. ದಸರೆಗೆಂದು ಹೋಳಿಗೆ, ಮಿಲಾದಿಗೆಂದು ಪೀರಾಂಬಿ ಮಾಡುವ ಖೀರು. ಪೀರಾಂಬಿ ಕಾಲೇಜಿಗೆ ಹಾಲು ಹಾಕುತ್ತಿದ್ದವಳು, ಅವಳ ಖೀರಿನ ಹೆಸರು ಸ್ಟೇಷನ್ ತನಕ ಹೋಗಿತ್ತು. "ನಿಮ್ಮ ಹಬ್ಬಕ್ಕ ಏನು ಮಾಡ್ತೀರಪಾ?" ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ನಮ್ಮ ಹಬ್ಬಕ್ಕೆ ಆಗ ಒಂದೇ ವರ್ಷ, ಅದಕ್ಕೊಂದು ಅಡುಗೆ ಇನ್ನೂ ಗೊತ್ತಾಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಶೇಂಗಾ ಉಂಡಿ, ಸರ್." ಅವರು ಗಂಭೀರವಾಗಿ ಬರೆದುಕೊಂಡರು.

ತೊಡಕು ಬಂದದ್ದು ಅಡುಗೆಯಲ್ಲಲ್ಲ, ಪಂಕ್ತಿಯಲ್ಲಿ. ಹುಡುಗರ ಮನೆಗಳಿಂದ ಹಿರಿಯರು ಬಂದು, ಭಾಷಣಕ್ಕೆ ನಮ್ಮವರು ಕೂರುತ್ತಾರೆ, ಊಟಕ್ಕೆ ಕೂರುವುದಿಲ್ಲ ಎಂದು ಕೈಮುಗಿದು ಹೇಳಿ ಹೋದರು. ಪ್ರಿನ್ಸಿಪಾಲರು ತಲೆಯ ಮೇಲೆ ಕೈ ಹೊತ್ತು ಕುಂತರು. ಆಗ ಬಾಗಿಲಲ್ಲಿ ನಿಂತಿದ್ದ ಅಮೋಘಿ ಕಾಕಾ ಒಂದು ಉಪಾಯ ಹೇಳಿದ. ಏನು ಹೇಳಿದ ಎಂಬುದು ನನಗೆ ಆಗ ತಿಳಿಯಲಿಲ್ಲ. ಅವನು ಎರಡು ದಿನ ರಜೆ ಹಾಕಿ ಊರಿಗೆ ಹೋದದ್ದು, ಬಸ್ಸಿನ ಮೇಲೆ ಹದಿನಾಲ್ಕು ಹೊಸ ಕಂಬಳಿ ಹೇರಿಕೊಂಡು ಬಂದದ್ದು ಮಾತ್ರ ಕಂಡೆ.

ಶನಿವಾರ ವರಾಂಡದ ಉದ್ದಕ್ಕೂ ಕಂಬಳಿಗಳು ಅಂಚಿಗೆ ಅಂಚು ಕೂಡಿ ಬಿದ್ದಿದ್ದವು. ಹೊಸ ಕಂಬಳಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಆರಿರಲಿಲ್ಲ. ಎಲ್ಲರೂ ಬಂದರು, ಎಲ್ಲರೂ ಕುಂತರು. ನನ್ನ ಎಡಕ್ಕೊಬ್ಬ, ಬಲಕ್ಕೊಬ್ಬ. ಬಲಕ್ಕೆ ಕುಂತವನು ಬಬಲೇಶ್ವರದ ಗುರಣ್ಣ, ಲೆಕ್ಕದಲ್ಲಿ ನನಗಿಂತ ಜಾಣ. ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಊಟದ ಹೊತ್ತಿಗೆ ನಮ್ಮ ಕೇರಿಯ ಹೊರಗಿನ ಒಬ್ಬ ಮನುಷ್ಯನ ಮೊಣಕಾಲು ನನಗೆ ತಾಗಿದ್ದು ಅದೇ ಮೊದಲು. ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡೆ, ಅಷ್ಟು ಖುಷಿ. ಎದುರಿಗೆ ಅಮೋಘಿ ಕಾಕಾ ಮಜ್ಜಿಗೆಯ ತಂಬಿಗೆ ಹಿಡಿದು ಓಡಾಡುತ್ತ, ತನ್ನದೇ ಮನೆಯ ಮದುವೆ ಎಂಬಂತೆ ನಗುತ್ತಿದ್ದ.

ಖೀರು ಬಡಿಸುವಾಗ ನಾನು ಮೈ ಬಿಗಿ ಹಿಡಿದು ಕುಂತದ್ದನ್ನು ಗುರಣ್ಣ ನೋಡಿದ. ಅವನ ಮನಸ್ಸು ಸ್ವಚ್ಛ, ಬಾಯಿಗೆ ಮಾತ್ರ ಬಾಗಿಲಿಲ್ಲ.

"ಅಂಜಬ್ಯಾಡೋ, ಆರಾಮ ಉಣ್ಣು," ಎಂದ. "ನೀ ತಾಗಿದ್ರೂ ನಮಗೇನೂ ಆಗೂದಿಲ್ಲ. ಅಮೋಘಿ ಕಾಕಾ ಅದಕ್ಕಂತನ ಕಂಬಳಿ ಹಾಸ್ಯಾನ."

"ಕಂಬಳಿ ತಗದ್ರ?"

ಗುರಣ್ಣ ತನ್ನ ಕೆಳಗಿನ ಕಂಬಳಿ ನೋಡಿದ. ಪಾಪ, ಆ ಪ್ರಶ್ನೆ ಅವನಿಗೂ ಹೊಸದು. ನಾನು ಎಂಜಲುಗೈಯಲ್ಲೇ ಎದ್ದು ನಿಂತೆ. ಪಂಕ್ತಿಯೆಲ್ಲ ನನ್ನನ್ನೇ ನೋಡಿತು.

"ಕಾಕಾ, ಇವರನ್ನ ನನ್ನಿಂದ ಕಾಯಾಕ ಕಂಬಳಿ ಹಾಸೀದಿ ಏನು?" ಎಂದು ಕೂಗಿದೆ. ಅಮೋಘಿ ಕಾಕಾನ ಬಾಯಿ ಅರ್ಧ ನಗುವಿನಲ್ಲೇ ನಿಂತಿತು. ಎಲೆ ಬಿಟ್ಟು, ಬೋರ್ಡಿಂಗಿಗೆ ಹೋಗಿ ಟ್ರಂಕು ಎತ್ತಿಕೊಂಡು ತಿಕೋಟಾದ ಬಸ್ಸು ಹತ್ತಿದೆ. ಅಲ್ಲಿಂದ ಹೊನವಾಡಕ್ಕೆ ನಡೆದು ಮುಟ್ಟುವಷ್ಟರಲ್ಲಿ ಕಾಲೇಜು ಬಿಡುವುದೆಂದು ನಿಶ್ಚಯವಾಗಿತ್ತು.

ಅವ್ವ ಎಲ್ಲ ಕೇಳಿದಳು. "ಎಲಿ ಬಿಟ್ಟು ಎದ್ದದ್ದು ಸರಿ ಐತಿ. ಸಾಲಿ ಯಾಕ ಬಿಟ್ಟಿ?" ಎಂದಳು. ಮರುದಿನ ಅವಳ ಜೊತೆ ಸಜ್ಜೆ ಕೊಯ್ಯಲು ಹೋದೆ. ಅವಳು ಹೊಲದಲ್ಲಿ ಇಡೀ ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಅವಳು ಬಾಗಿ ದುಡಿದದ್ದೆಲ್ಲ ನಾನು ಕುಡುಗೋಲು ಹಿಡಿಯಬಾರದೆಂದೇ. ಗೊತ್ತಿದ್ದೂ ಹಟ ಬಿಡಲಿಲ್ಲ. ಈಗ ನೆನೆದರೆ ನನಗೇ ನಾಚಿಕೆ.

ಸೋಮವಾರ ಮಿಲಾದಿನ ಸೂಟಿ. ಮಧ್ಯಾಹ್ನ ನಮ್ಮ ಕೇರಿಯಲ್ಲಿ ಖಾಕಿ ಅಂಗಿ, ಕರಿಕಂಬಳಿಯ ಒಬ್ಬ ಮನುಷ್ಯ ಮೊಣಕಾಲ ತನಕ ಧೂಳು ಮೆತ್ತಿಕೊಂಡು ಭಾಗಪ್ಪನ ಮನೆ ಯಾವುದು ಎಂದು ಕೇಳುತ್ತ ಬಂದ. ಪೊಲೀಸರೆಂದು ತಿಳಿದು ಇಬ್ಬರು ಮುದುಕರು ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತು ಬಾ ಎನ್ನಲಿಲ್ಲ. ಅವ್ವನೇ, "ಬರ್ರಿ ಯಣ್ಣಾ" ಎಂದು ಕರೆದು, ಮನೆಯಲ್ಲಿದ್ದ ಒಂದೇ ಕಂಬಳಿಯನ್ನು ಝಾಡಿಸಿ ಹಾಸಿದಳು. ಬಂದವರಿಗೆ ಕಂಬಳಿ ಹಾಸುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ.

ಅಮೋಘಿ ಕಾಕಾ ಅದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಅವ್ವನ ಕೈಗೆ ವಾಪಸು ಕೊಟ್ಟ. ತನ್ನ ಹೆಗಲ ಮೇಲಿನದನ್ನೂ ತೆಗೆದು ಗೋಡೆಯ ಗೂಟಕ್ಕೆ ಹಾಕಿದ. ಆಮೇಲೆ ಸಗಣಿ ಸಾರಿಸಿದ ಬರಿ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಂತ. ನೆಲ ತಣ್ಣಗೆ ತಾಗಿರಬೇಕು, ಒಂದು ಸಲ ಸರಿದು ಕುಂತ.

"ತಪ್ಪಾತು, ತಮ್ಮಾ," ಎಂದ. "ದೇವ್ರನ್ನ ಹಾಸಿದ್ರ ಎಲ್ಲಾ ಸರಿ ಆಕ್ಕತಿ ಅಂದ್ಕೊಂಡೆ. ನಿನ್ನ ಮನಸಿಗೆ ಏನ ಅನಸ್ತೈತಿ ಅನ್ನೂದು ನನ್ನ ತಲಿಗೇ ಬರಲಿಲ್ಲ. ಕುರಿ ಕಾಯ್ದ ತಲಿ." ಅವ್ವನ ಕಡೆ ತಿರುಗಿದ. "ತಂಗೀ, ಹಸ್ತು ಬಂದೇನಿ. ರೊಟ್ಟಿ ಐತೇನವಾ?"

ಅವ್ವ ಹೆದರಿದಳು. "ನಮ್ಮ ಮನ್ಯಾಗ ಉಣ್ತೀರೇನ್ರಿ? ನಿಮ್ಮ ಮಂದಿ ಏನಂತಾರ?"

"ನನ್ನ ಮಂದಿ ಇಲ್ಲಿ ಯಾರದಾರ? ನೀಡು."

ಅವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟಳು. ಅವನು ರೊಟ್ಟಿ ಮುರಿಯದೆ ಕೈ ಕಟ್ಟಿ ಕುಂತ. ಯಾಕೆಂದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಹೋಗಿ ಅವನ ಪಕ್ಕದಲ್ಲಿ ಕುಂತೆ. ಆಗ ಮುರಿದ. ನಾಲ್ಕು ರೊಟ್ಟಿ ಉಂಡು, ನೀರು ಕುಡಿದು, ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. "ನಾಳಿ ಹನ್ನೊಂದಕ್ಕ ಗಂಟಿ ಹೊಡಿತೇನಿ. ಗಂಟಿ ಕೇಳೂದ್ರಾಗ ಕ್ಲಾಸಿನ್ಯಾಗ ಇರಬೇಕು ನೋಡು," ಎಂದ. ಅವನ ಹನ್ನೊಂದು ಎಂದರೆ ಹತ್ತೂಮುಕ್ಕಾಲೂ ಆಗಬಹುದು, ಹನ್ನೊಂದೂಕಾಲೂ ಆಗಬಹುದು. ನಾನು ಹತ್ತಕ್ಕೇ ಹೋಗಿ ಕುಂತೆ.

ಮರುವರ್ಷ ಮಿಲಾದ್ ಮೊದಲು ಬಂತು, ದಸರೆ ತಡವಾಯಿತು. ನಡುವಿನ ಒಂದು ರವಿವಾರ ಮತ್ತೆ ಕೂಡೂಟ. ಈ ಸಲ ವರಾಂಡದಲ್ಲಿ ಬರಿ ಹಾಸುಗಲ್ಲು. ಹುಡುಗರು ಗೋಡೆಗೆ ಒರಗಿ ನಿಂತರು, ಯಾರೂ ಕೂರಲೊಲ್ಲರು. ಪ್ರೊಫೆಸರರ ಎದುರು ಒಂದು ದಿನವೂ ಕೂರದ ಪಟ್ಟೇವಾಲಾ ಮಜ್ಜಿಗೆಯ ತಂಬಿಗೆ ಕೆಳಗಿಟ್ಟು, "ಬಾ ಭಾಗಪ್ಪಾ" ಎಂದು ನನ್ನ ಕೈ ಹಿಡಿದು ಪಂಕ್ತಿಯ ನಟ್ಟನಡುವೆ ಕುಂತ. ನನ್ನ ಇನ್ನೊಂದು ಪಕ್ಕಕ್ಕೆ ಗುರಣ್ಣ ಬಂದು ಕುಂತ, ಒಂದು ಮಾತೂ ಆಡದೆ. ಅವನ ಮಟ್ಟಿಗೆ ಅದು ದೊಡ್ಡ ಸಾಹಸ. ಆಮೇಲೆ ಪ್ರಿನ್ಸಿಪಾಲರು, ಆಮೇಲೆ ಪೀರಾಂಬಿಯ ಓಣಿಯ ಹುಡುಗರು. ಇಪ್ಪತ್ತು ಇಪ್ಪತ್ತೈದು ಮಂದಿ ಹೊರಟುಹೋದರು. ಉಳಿದವರು ಹೊಟ್ಟೆ ತುಂಬ ಉಂಡೆವು. ಶೇಂಗಾ ಉಂಡಿಯನ್ನು ಅವ್ವನೇ ಕಟ್ಟಿ ಕಳಿಸಿದ್ದಳು. ಬಾಯಿಗೆ ಬಂತೆಂದು ಹೇಳಿದ್ದು ನಮ್ಮ ಕೇರಿಯ ಹಬ್ಬದ ಅಡುಗೆಯೇ ಆಗಿ ಹೋಯಿತು, ಈಗಲೂ ಇದೆ.

ಬಿ.ಎ. ಮುಗಿಸಿ ನಾನು ಮಾಸ್ತರನಾದೆ, ಮೊದಲು ಬಬಲೇಶ್ವರದಲ್ಲಿ, ಆಮೇಲೆ ತಿಕೋಟಾದಲ್ಲಿ. ಅವ್ವ ಕುಡುಗೋಲು ಕೆಳಗಿಟ್ಟಳು. ಅಮೋಘಿ ಕಾಕಾ ನಿವೃತ್ತನಾಗಿ ವಸ್ತಿಗೆ ಹೋದ, ಅರವತ್ತೈದರ ಬೇಸಿಗೆಯಲ್ಲಿ ತೀರಿಕೊಂಡ. ಸುದ್ದಿ ನನಗೆ ತಿಂಗಳ ಮೇಲೆ ಮುಟ್ಟಿತು. ಮಣ್ಣಿಗೆ ಹೋಗಲಾಗಲಿಲ್ಲ ಎಂಬ ಸಂಕಟ ಇಂದಿಗೂ ಇದೆ. ಮರುವರ್ಷ ದೀಪಾವಳಿ ಸೂಟಿಯಲ್ಲಿ ಅವನ ಹೆಂಡತಿ ಮುದುಕವ್ವನನ್ನು ಕಾಣಲು ಹೋದೆ. ಪಾಡ್ಯದ ದಿನ, ವಸ್ತಿಯವರೆಲ್ಲ ಕುರಿಗಳಿಗೆ ಬಣ್ಣ ಬಳಿದು, ಬಲೂನು ಕಟ್ಟಿ, ಅವನ್ನು ಬೆದರಿಸಿ ಓಡಿಸುವ ಗದ್ದಲದಲ್ಲಿದ್ದರು.

"ಕಾಕಾ ಇದ್ದಾಗ ಈ ಹಬ್ಬ ಭಾಳ ಖುಷೀಲೆ ಮಾಡ್ತಿದ್ದನೇನೋ," ಎಂದೆ, ಮಾತಿಗೆ.

ಮುದುಕವ್ವ ನನ್ನ ಕಡೆ ತಿರುಗಿದಳು. "ನಿನಗ ಗೊತ್ತಿಲ್ಲೇನು, ಯಪ್ಪಾ? ಮೂರು ದೀವಳಿಗಿ ನಮ್ಮನ್ನ ಯಾರೂ ಕರೀಲಿಲ್ಲ. ಹೊನವಾಡದಾಗ ನಿಮ್ಮ ಮನ್ಯಾಗ ಉಂಡಾನಂತ ಯಾರೋ ಬಂದು ಹೇಳಿದ್ರು. ಹಿರ್ಯಾರು ಕೂಡಿ ಕೇಳಿದ್ರು. ಉಂಡಿಲ್ಲ ಅಂದುಬಿಡು, ಮುಗದು ಹೋಗ್ತೈತಿ ಅಂತ ಅವರ ಹೇಳಿಕೊಟ್ರು. ಉಂಡೇನಿ, ನಾಕು ರೊಟ್ಟಿ ಉಂಡೇನಿ ಅಂದ. ಹಂಗಾದ್ರ ತಪ್ಪಾತು ಅನ್ನು ಅಂದ್ರು. ಅದಕ್ಕೂ ಒಲ್ಲೆ ಅಂದ. ನಾ ಬಾಂವಿಗಿ ಹೋದ್ರ ತಮ್ಮ ಕೊಡ ಸರಸಿ ಇಟ್ಕೋತಿದ್ರು."

ಆ ಮೂರು ವರ್ಷ ನಾನು ದಿನಾ ಅವನನ್ನು ಕಂಡಿದ್ದೆ. ದಿನಾ ನಕ್ಕು ಮಾತಾಡಿದ್ದ. ಪಕ್ಕದಲ್ಲಿ ಖಾಲಿ ಜಾಗ ಇಟ್ಟುಕೊಂಡು ಉಣ್ಣುವುದು ಏನೆಂದು ನನಗೆ ಗೊತ್ತು, ಮೂರು ತಿಂಗಳು ಉಂಡವನು. ಅವನು ನನ್ನ ಸಲುವಾಗಿ ಮೂರು ವರ್ಷ ಅದನ್ನು ಹೊತ್ತಿದ್ದ.

"ನನಗ ಒಂದ ಮಾತು ಹೇಳಬಾರದಿತ್ತೇನವಾ?" ಎಂದೆ.

"ನಾನೂ ಅದನ್ನ ಅಂದೆ. ಬ್ಯಾಡ ಅಂದ. ಆ ಹುಡುಗ ಸಿಟ್ಟಿನಂವ, ಕೇಳಿದ್ರ ಸಾಲಿ ಬಿಟ್ಟು ಮತ್ತ ಎದ್ದು ಹೋಗ್ತಾನ ಅಂದ."