ಸೀಬೆ ಗಿಡಕ್ಕೆ ಬೀಗರ ಉಪಚಾರ

ನಮ್ಮ ಅರಕೆರೆ ಕಡೆ ಉಣ್ಣಲು ಕೂತವರಿಗೆ ‘ಸಾಕು’ ಅನ್ನುವ ಸ್ವಾತಂತ್ರ್ಯವಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೇ ಸಾರು ಬೀಳುತ್ತದೆ. ನಾನು ಸೊಸೆಯಾಗಿ ಬಂದ ಮೊದಲ ವರ್ಷವೇ ತವರಿನ ರವಿಕೆಗಳೆಲ್ಲ ರಾಜೀನಾಮೆ ಕೊಟ್ಟವು. ಹೀಗೆ ಬಡಿಸುವ ನನ್ನ ಅತ್ತೆ ಗದ್ದೆಯ ಪಕ್ಕದ ತುಂಡು ನೆಲದಲ್ಲಿ ಸೀಬೆ ನೆಟ್ಟಾಗ ಗಿಡಗಳನ್ನೂ ನೆಂಟರೆಂದೇ ತಿಳಿದರು.

ನೆಟ್ಟದ್ದಕ್ಕೊಂದು ಕಾರಣವಿತ್ತು. ನಾಗಮಂಗಲದ ಬೀಗಿತ್ತಿ, ಅಂದರೆ ನನ್ನ ನಾದಿನಿಯ ಅತ್ತೆ, ಪ್ರತಿವರ್ಷ ತಮ್ಮ ಹೊಲದ ಸೀಬೆಹಣ್ಣನ್ನು ಬುಟ್ಟಿ ತುಂಬ ಕಳಿಸುತ್ತಿದ್ದರು. ಬಂದ ಬುಟ್ಟಿ ಬರಿದಾಗಿ ಹಿಂದಿರುಗಬಾರದಲ್ಲ, ನಾವು ಬೆಲ್ಲ ತುಂಬಿ ಕಳಿಸುತ್ತಿದ್ದೆವು. ಆದರೂ ನಾಲೆ ನೀರಿನ ನಾವು ಮಳೆ ನಂಬಿದವರ ಹಣ್ಣು ತಿನ್ನುವುದೇ? ಒಂದು ಸಲವಾದರೂ ಆ ಬುಟ್ಟಿಯಲ್ಲಿ ನಮ್ಮ ಹಣ್ಣು ಹೋಗಬೇಕು ಎಂಬುದು ಅತ್ತೆಯ ಹಟ.

ಭತ್ತ ನಾಟಿ ಹಾಕಿ ಪಳಗಿದ ಕೈ ಅದು, ಖಾಲಿ ನೆಲ ಕಂಡರೆ ಸಂಕಟ. ಸೀಬೆಯನ್ನೂ ಒತ್ತೊತ್ತಾಗಿ ನೆಟ್ಟರು. ಕೊಟ್ಟಿಗೆ ಗೊಬ್ಬರ ಸುರಿದರು, ಗದ್ದೆಗೆಂದು ತಂದ ಯೂರಿಯಾವನ್ನೂ ಬೊಗಸೆ ಬೊಗಸೆ ಬಡಿಸಿದರು. ಗಿಡಗಳೇನೋ ಸೊಂಪಾಗಿ ಬೆಳೆದು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನಿಂತವು. ಹಣ್ಣು ಮಾತ್ರ ಹುಡುಕಿದರೂ ಸಿಗದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಕಾರಣ ಗೊತ್ತಿತ್ತು. ಸಾರಜನಕ ಹೆಚ್ಚಾದರೆ ಗಿಡ ಎಲೆಯ ಸಂಭ್ರಮದಲ್ಲಿ ಹೂ ಬಿಡುವುದನ್ನೇ ಮರೆಯುತ್ತದೆ, ಬಿಸಿಲು ಕಾಣದ ಕೊಂಬೆ ಕಾಯಿ ಕಚ್ಚುವುದಿಲ್ಲ. ಇದನ್ನು ಮಕ್ಕಳಿಗೆ ಹೇಳುವುದು ಸುಲಭ, ಅತ್ತೆಗೆ ಹೇಳಲು ಗುಂಡಿಗೆ ಬೇಕು. ಕೊನೆಗೂ ಹೇಳಿದೆ: ಗೊಬ್ಬರ ಇಳಿಸೋಣ, ಸಾಲಿನಲ್ಲಿ ಒಂದು ಬಿಟ್ಟು ಒಂದು ಗಿಡ ಕಡಿಸೋಣ.

“ಕರ್ದು ಪಂಕ್ತೀಲಿ ಕೂರ್ಸ್ದೋರ್ನ ಅರ್ಧ ಊಟದಲ್ಲಿ ಎಬ್ಬುಸ್ತಾರೇನವ್ವ?” ಎಂದರು ಅತ್ತೆ.

ಇದಕ್ಕೆ ಉತ್ತರ ನಾಗಮಂಗಲದಿಂದಲೇ ಬಂತು. ನಿಮ್ಮ ಗಿಡ ಫಲ ಬಿಡುವ ತನಕ ನಮ್ಮದನ್ನೇ ತಿನ್ನಿ ಎಂದು ಬೀಗಿತ್ತಿ ಬುಟ್ಟಿಯ ಜೊತೆ ಹೇಳಿ ಕಳಿಸಿದ್ದರು. ಮರುದಿನವೇ ಅತ್ತೆ ಗಿಡ ಕಡಿಯಲು ಆಳು ಕರೆಸಿದರು. ಕೊಡಲಿ ಸದ್ದು ಕೇಳಬಾರದೆಂದು ಟೀವಿಯನ್ನು ಇಡೀ ಬೀದಿಗೆ ಕೇಳುವಷ್ಟು ಜೋರಾಗಿ ಹಚ್ಚಿ ಕೂತರು. ಆಮೇಲೆ ಗೊಬ್ಬರದ ಕೆಲಸ ನನ್ನದಾಯಿತು. ನಾನು ಅಳತೆ ಮಾಡಿ ಹಾಕುವಾಗ ಅವರು ಎರಡು ಕೈಯನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಲ್ಲುತ್ತಿದ್ದರು.

ಈ ಸಲ ಹಣ್ಣಿನ ಭಾರಕ್ಕೆ ಕೊಂಬೆಗಳು ಬಾಗಿದವು. ನನಗಾದ ಖುಷಿಗೆ ತರಗತಿಯಲ್ಲೂ ಸೀಬೆಯದೇ ಪುರಾಣ. ಬುಟ್ಟಿ ತುಂಬಿಕೊಂಡು ಇಬ್ಬರೂ ನಾಗಮಂಗಲಕ್ಕೆ ಹೊರಟೆವು. ಪಾಂಡವಪುರದಲ್ಲಿ ಹತ್ತಿದ ಬಸ್ಸಿನಲ್ಲಿ ಮೂವರ ಸೀಟಿಗೆ ಐದು ಜನ. ಗಿಡಗಳ ನಡುವಿನ ಅಂತರದ ಪಾಠ ಬಸ್ಸುಗಳಿಗಿನ್ನೂ ತಲುಪಿಲ್ಲ. ಅತ್ತೆ ಬುಟ್ಟಿಯನ್ನು ಮಡಿಲಿನಿಂದ ಕೆಳಗಿಳಿಸಲಿಲ್ಲ.

ಬೀಗಿತ್ತಿ ಒಂದು ಹಣ್ಣು ಕಚ್ಚಿ ಕಣ್ಣರಳಿಸಿದರು. ಅದೇನು ಗೊಬ್ಬರ ಹಾಕಿದಿರಿ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು.

“ಒಸಿ ಆಕ್ಬುಟ್ಟು ಸುಮ್ಕೆ ಕುಂತಿದ್ದೆ ಕಣಕ್ಕ. ಗೇಯೋದ್ಕಿಂತ ಅದೇ ಕಷ್ಟ ಆಗೋಯ್ತು.”